ಕಂಬಳಿಯೊಳಗಿನ ಮಿಂಚು

ತಂತಿಬಿಟ್ಟ ಬಯಲಿನ ಅಂಚಿನ ಊರಿನಿಂದ,
ಹಗರಿ ಮರಳಿದ ತೊಂಬತ್ತೊಂದನೆಯ ವರ್ಷ, ಹೇಮಂತ ಐವತ್ತೊಂದು.

ನೀಲಾಂಬಿಕೆ ಅಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಹೊನ್ನೂರಿ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಬತ್ತಿಹೋಗಿದ್ದ ಹಗರಿ ಹೊಳೆಯಲ್ಲಿ ಮತ್ತೆ ವರ್ಷಪೂರ್ತಿ ನೀರು ನಿಂತ ದಿನದಿಂದ ನಾವು ವರ್ಷ ಎಣಿಸುತ್ತೇವೆ. ತಿಂಗಳುಗಳನ್ನು ಬಿಟ್ಟು ಋತುಗಳನ್ನೇ ಹಿಡಿದಿದ್ದೇವೆ, ಆದ್ದರಿಂದ ನಮ್ಮಲ್ಲಿ ಐವತ್ತೊಂದನೆಯ ತಾರೀಖು ಉಂಟು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅನ್ನಿಸಬಹುದು. ಹೊಸ ಪದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೂ ಹುಟ್ಟದವಳು ಹಿರಿಯರಿಗೆ ಪತ್ರ ಬರೆಯುವುದೇ ಅಧಿಕಪ್ರಸಂಗ. ಆದರೆ ನಿಮ್ಮ ಕ್ಯಾಮೆರಾ ನನ್ನ ಮುಂದೆ ಕೂತಿರುವಾಗ ಬೇರೆ ಯಾರಿಗೆ ಬರೆಯಲಿ?

ಅದರ ಚರ್ಮದ ಚೀಲದ ಒಳಮಗ್ಗುಲಲ್ಲಿ ನಿಮ್ಮ ಹೆಸರು ಈಗಲೂ ಓದಲು ಬರುತ್ತದೆ. ಮನೆಯಲ್ಲಿ ಹೇಳಿಕೊಂಡು ಬಂದ ಮಾತಿನ ಪ್ರಕಾರ, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಇದನ್ನು ಹಳೇ ಸಾಮಾನಿನವನಿಗೆ ಹಾಕಿ ಒಂದು ಸ್ಟೀಲ್ ಡಬರಿ ತಗೋ ಎಂದು ಎಲ್ಲರೂ ನಿಮ್ಮ ಪ್ರಾಣ ತಿಂದರಂತೆ. ನೀವು ಕೊಡಲಿಲ್ಲ. ಯಾಕೆ ಕೊಡಲಿಲ್ಲವೋ ಯಾರಿಗೂ ಗೊತ್ತಿಲ್ಲ. ಬರೀ ಹಟ ಎಂದು ನಮ್ಮ ಅವ್ವ ಹೇಳುತ್ತಾಳೆ, ಆ ಹಟ ನನಗೂ ಬಂದಿದೆಯೆಂದು ಸೇರಿಸುತ್ತಾಳೆ. ಬರಲಿ. ಈಗ ನಮಗೆ ಬೇಕಾಗಿರುವುದು ಅದೇ.

ನಾಳೆ ಬೆಳಗ್ಗೆ ನಾನು ಮತ್ತು ನನ್ನ ದೊಡ್ಡಪ್ಪನ ಮಗ ಗಾದಿಲಿಂಗಣ್ಣ ತಂತಿಬಿಟ್ಟ ಬಯಲಿಗೆ ಹೊರಡುತ್ತೇವೆ. ಸಿರುಗುಪ್ಪದ ಆಚೆಗಿನ ಎರೆಭೂಮಿ ನಿಮಗೆ ಗೊತ್ತೇ ಇದೆ. ಅಲ್ಲಿಯ ಹುಲ್ಲಿನಲ್ಲಿ ಎರೆಭೂತ ಎಂಬ ಹಕ್ಕಿ ಇತ್ತು, ಮನುಷ್ಯನ ಸೊಂಟದೆತ್ತರ ನಿಲ್ಲುವ ಹಕ್ಕಿ. ಅಷ್ಟು ಭಾರದ ಮೈ ಹೊತ್ತು ಹಾರುವಾಗ ಎದುರಿನ ತಂತಿ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ, ಬಡಿದು ಸಾಯುತ್ತಿತ್ತು. ನಿಮ್ಮ ನಂತರದವರು ಅಲ್ಲಿಯ ಕಂಬ ತಂತಿಗಳನ್ನೆಲ್ಲ ಕಿತ್ತು, ಕರೆಂಟಿನ ಯಾವ ವಸ್ತುವೂ ಆ ಗಡಿ ದಾಟಬಾರದೆಂದು ಕಟ್ಟು ಮಾಡಿದರು. ಟಾರ್ಚು ಕೂಡ ಒಯ್ಯುವಂತಿಲ್ಲ. ಈಗ ನಮ್ಮ ನಾಡಸಭೆಯಲ್ಲಿ ಮಾತೆದ್ದಿದೆ. ಹಕ್ಕಿಯೇ ಇಲ್ಲ, ಇಲ್ಲದ ಹಕ್ಕಿಗೆ ಇಷ್ಟು ನೆಲ ಯಾಕೆ, ಬಿಸಿಲುಹಾಸು ಹಾಸೋಣ ಎನ್ನುತ್ತಾರೆ. ಬಿಸಿಲುಹಾಸು ಎಂದರೆ ಬಿಸಿಲು ಕುಡಿದು ಕರೆಂಟು ಕೊಡುವ ಚಾಪೆ. ಹಾಸಿದಲ್ಲಿ ಹುಲ್ಲು ಹುಟ್ಟುವುದಿಲ್ಲ, ಅದರ ಹಿಂದೆಯೇ ತಂತಿಯೂ ಬರುತ್ತದೆ. ಯುಗಾದಿಯೊಳಗೆ ಹಕ್ಕಿ ಇದೆಯೆಂದು ತೋರಿಸಿದರೆ ಬಯಲು ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ತೋರಿಸುವುದು ಅಷ್ಟು ಕಷ್ಟವೇ ಎಂದು ನೀವು ಕೇಳಬಹುದು. ನಮ್ಮ ಕಾಲದಲ್ಲಿ ಯಾವ ಚಿತ್ರವನ್ನಾದರೂ ಯಾರಾದರೂ ಬಾಯಲ್ಲಿ ಹೇಳಿ ಮಾಡಿಸಬಹುದು. ಅದಕ್ಕೆ ಕಟ್ಟುಚಿತ್ರ ಎನ್ನುತ್ತೇವೆ, ಸಭೆ ಅದನ್ನು ಸಾಕ್ಷಿಯೆಂದು ಒಪ್ಪುವುದಿಲ್ಲ. ಒಪ್ಪುವುದು ಬಿದ್ದಚಿತ್ರವನ್ನು ಮಾತ್ರ, ಎಂದರೆ ಬೆಳಕು ತಾನೇ ಹೋಗಿ ಬೆಳ್ಳಿಯ ಮೇಲೆ ಬಿದ್ದು ಮೂಡಿದ್ದು. ಹೋದ ಮುಂಗಾರಿನಲ್ಲಿ ಗಾದಿಲಿಂಗಣ್ಣ ಬಯಲಿನಿಂದ ಒಂದು ಗರಿ ತಂದಿದ್ದ. ಗರಿಯನ್ನೂ ಮಾಡಿಸಬಹುದು ಎಂದು ಸಭೆಯ ಹಿರಿಯರು ನಕ್ಕರು. ಆ ನಗು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ. ಅಂದೇ ಅಟ್ಟ ಹತ್ತಿ ನಿಮ್ಮ ಚೀಲ ಇಳಿಸಿದೆ.

ತಯಾರಿಗೆ ಇಡೀ ಶರದೃತು, ಹೇಮಂತದ ಬಹುಪಾಲು ಹಿಡಿಯಿತು. ಬ್ಯಾಟರಿಯಿಲ್ಲದೆ, ಸ್ಪ್ರಿಂಗು ಮತ್ತು ಹಲ್ಲುಗಾಲಿಯಿಂದಲೇ ನಡೆಯುವ ಕ್ಯಾಮೆರಾವನ್ನು ನಮ್ಮಲ್ಲಿ ಬಲ್ಲವರು ಯಾರೂ ಇಲ್ಲ, ಬಿಚ್ಚಿ ಬಿಚ್ಚಿಯೇ ಕಲಿತೆವು. ಅದರ ಒಂದು ಸೆಕೆಂಡು ನಿಜವಾಗಿ ಒಂದು ಸೆಕೆಂಡೇ ಎಂದು ನೋಡಲು ಮೂಗಿನ ತುದಿಯಿಂದ ಬೆರಳ ತುದಿಯವರೆಗಿನ ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟೆ. ಕಲ್ಲು ಆ ಕಡೆಯಿಂದ ಈ ಕಡೆಗೆ ಬರುವುದರೊಳಗೆ ಕ್ಯಾಮೆರಾದ ಕಣ್ಣು ತೆರೆದು ಮುಚ್ಚಿಕೊಂಡಿತು. ಇಷ್ಟು ವರ್ಷದ ಮೇಲೂ ನಿಮ್ಮ ಸ್ಪ್ರಿಂಗು ಸುಳ್ಳು ಹೇಳಲಿಲ್ಲ. ಉದ್ದ ಮಸೂರದ ಬೂಷ್ಟು ಬಿಡಿಸಲು ದಿನಾ ಎಳೆಬಿಸಿಲಿಗೆ ಇಟ್ಟೆವು. ಬೆಳಕನ್ನು ಅಳೆಯುವ ಯಂತ್ರವಿಲ್ಲದ್ದರಿಂದ ನಮ್ಮ ನೆರಳನ್ನೇ ಓದಲು ಕಲಿತೆವು: ನೆರಳಿನ ಅಂಚು ಚಾಕುವಿನಂತಿದ್ದರೆ ಮಸೂರದ ಕಿಂಡಿ ಕಿರಿದು, ಅಂಚು ಕದಡಿದ್ದರೆ ಅಗಲ. ಫಿಲ್ಮಿನ ಪಟ್ಟಿಯನ್ನು ನಮ್ಮ ಹೊಲದ ಹತ್ತಿಯಿಂದಲೇ ಮಾಡಿಸಿ, ಅದಕ್ಕೆ ಬೆಳ್ಳಿಯ ಲೇಪ ಹಚ್ಚಿಸಿದೆವು. ಬೆಳ್ಳಿ ಎಲ್ಲಿಂದ ಬಂತು ಅಂದಿರಾ? ಓಣಿಯ ಹೆಣ್ಣುಮಕ್ಕಳು ಕಾಲುಂಗುರ ಬಿಚ್ಚಿ ಕೊಟ್ಟರು. ಮೂರು ಪಟ್ಟಿಗೆ ಸಾಕಾಯಿತು, ನಾಲ್ಕನೆಯದಕ್ಕೆ ಕೇಳುವ ಮುಖ ನಮಗಿರಲಿಲ್ಲ.

ನಮ್ಮ ಪಟ್ಟಿಗೆ ನಿಮ್ಮ ಕಾಲದಲ್ಲಿ ಇದ್ದಂಥ ಮುಚ್ಚಿದ ಡಬ್ಬಿ ಇಲ್ಲ. ಬಯಲಿನಲ್ಲೇ, ಕಣ್ಣಿಗೆ ಏನೂ ಕಾಣದಂತೆ, ಚೀಲದೊಳಗೆ ಎರಡೂ ಕೈ ತೂರಿಸಿ ಕ್ಯಾಮೆರಾಕ್ಕೆ ತುಂಬಬೇಕು. ಆ ಚೀಲವನ್ನು ಕರಿಕಂಬಳಿಯಲ್ಲಿ ಹೊಲಿದೆವು. ನೂರಕ್ಕೆ ನೂರು ಕುರಿಯ ಉಣ್ಣೆ, ಕರೆಂಟಿನ ಸೋಂಕಿಲ್ಲದ ವಸ್ತು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಮೊದಲ ಪಟ್ಟಿಯಲ್ಲಿ ಪರೀಕ್ಷೆಗೆಂದು ನಮ್ಮ ಅಂಗಳದ್ದೇ ಚಿತ್ರ ತೆಗೆದು ತೊಳೆದಾಗ ಪಟ್ಟಿಯ ತುಂಬ ಟೊಂಗೆ ಟೊಂಗೆಯಾಗಿ ಗೆರೆಗಳು ಮೂಡಿದ್ದವು. ಗಾದಿಲಿಂಗಣ್ಣ ಅದನ್ನು ಬಿಸಿಲಿಗೆ ಹಿಡಿದು, "ಚಲೋ ಬಂದೈತಿ ನೋಡವ್ವ, ಜಾಲಿಗಿಡ!" ಎಂದ. ನಮ್ಮ ಅಂಗಳದಲ್ಲಿ ಗಿಡವೇ ಇಲ್ಲ. ಬೆಳ್ಳಿ ಕೆಟ್ಟಿದೆ ಎಂದರು ಕೆಲವರು, ಯಾರೋ ಮನಸ್ಸಿಲ್ಲದೆ ಕಾಲುಂಗುರ ಕೊಟ್ಟಿದ್ದಾರೆ ಎಂದರು ಇನ್ನು ಕೆಲವರು. ಓಣಿಯಲ್ಲಿ ಅದರದೇ ಜಗಳವಾಯಿತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕತ್ತಲ ಕೆಲಸಕ್ಕೆ ನಾವು ಬಳಸುವುದು ಹಗೇವನ್ನು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಯನ್ನು. ಒಂದು ಮಧ್ಯಾಹ್ನ, ದೀಪ ಇಳಿಬಿಟ್ಟು ಒಳಗಿನ ಗಾಳಿ ಒಳ್ಳೆಯದೆಂದು ಖಾತ್ರಿ ಮಾಡಿಕೊಂಡು, ದೀಪ ಆರಿಸಿ ನಾನೇ ಇಳಿದೆ. ಬಯಲಿನ ಅಭ್ಯಾಸವಾಗಲಿ ಎಂದು ಅಂದು ಮೊದಲ ಸಲ ನಾಡಿಬಳೆ ಬಿಚ್ಚಿಟ್ಟಿದ್ದೆ. ನಾಡಿಬಳೆ ಎಂದರೆ ಹುಟ್ಟಿದ ದಿನ ನಮ್ಮ ಕೈಗೆ ತೊಡಿಸುವ ಬಳೆ. ಎದೆಬಡಿತ ಕೇಳಿಸಿಕೊಂಡು ಮನೆಯವರಿಗೆ ತಿಳಿಸುತ್ತದೆ, ಮೈಮೇಲಿನ ಸಣ್ಣಪುಟ್ಟ ಕರೆಂಟನ್ನೂ ತಾನೇ ಹೀರಿಕೊಳ್ಳುತ್ತದೆ. ಕಂಬಳಿ ಚೀಲದಿಂದ ಹಾಳಾದ ಪಟ್ಟಿಯನ್ನು ಸರಕ್ಕನೆ ಎಳೆದೆ. ಚಟಪಟ ಸದ್ದಾಯಿತು. ಕೈ ಸುತ್ತ ನೀಲಿ ಕಿಡಿಗಳು ಹಾರಿದವು, ಟೊಂಗೆ ಟೊಂಗೆಯಾಗಿ.

ಚಳಿಗಾಲದ ಒಣ ಗಾಳಿಯಲ್ಲಿ ಉಣ್ಣೆ ಉಜ್ಜಿದರೆ ಮಿಂಚು ಹುಟ್ಟುತ್ತದೆಂದು ನಿಮ್ಮ ಕಾಲದ ಎಳೆ ಮಕ್ಕಳಿಗೂ ಗೊತ್ತಿದ್ದೀತು. ನಮಗೆ ಗೊತ್ತಿರಲಿಲ್ಲ, ನಮ್ಮ ಬಳೆ ಅದನ್ನು ಯಾವತ್ತೂ ನಮ್ಮ ಚರ್ಮದವರೆಗೆ ಬರಗೊಟ್ಟಿರಲಿಲ್ಲ. ಪಟ್ಟಿಗೆ ಮಾತ್ರ ಆ ಕಾವಲಿರಲಿಲ್ಲ. ಕರೆಂಟನ್ನು ಗಡಿಯಾಚೆ ಇಟ್ಟು ಹೋಗುತ್ತೇವೆ ಎಂದು ಮೆರೆದವರ ಚೀಲದಲ್ಲೇ ಅದು ಕಾಲು ಚಾಚಿ ಕೂತಿತ್ತು. ಹಗೇವಿನೊಳಗೆ ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಮೇಲಿನಿಂದ ಗಾದಿಲಿಂಗಣ್ಣ, "ಏನಾತವ್ವ, ಚೇಳು ಕಡೀತೇನು?" ಎಂದು ಕೂಗುತ್ತಿದ್ದ. ಅವತ್ತೇ ಓಣಿಯಲ್ಲಿ ಮನೆ ಮನೆಗೂ ಹೋಗಿ, ತಪ್ಪು ಕಾಲುಂಗುರದ್ದಲ್ಲ, ನನ್ನ ಕಂಬಳಿಯದು ಎಂದು ಹೇಳಿ ಬಂದೆ. ಕಂಬಳಿಯನ್ನು ಹೊರಮೈಗೆ ಮಾತ್ರ ಉಳಿಸಿ, ಒಳಗೆ ಅವ್ವನ ಹಳೆಯ ಹತ್ತಿ ಸೀರೆಯನ್ನು ಎರಡು ಪದರ ಹೊಲಿದೆ. ಹೊರಪದರಕ್ಕೆ ಸ್ವಲ್ಪ ನೀರು ಚಿಮುಕಿಸಬೇಕು, ಒಳಪದರ ಒಣಗಿರಬೇಕು, ಪಟ್ಟಿಯನ್ನು ಹಸುಗೂಸಿಗೆ ನೀರು ಹಾಕುವಷ್ಟು ನಿಧಾನವಾಗಿ ಎಳೆಯಬೇಕು. ಎರಡನೆಯ ಪಟ್ಟಿಯಿಂದ ಬೆರಳುದ್ದ ಕತ್ತರಿಸಿ ಪರೀಕ್ಷಿಸಿದೆವು. ಈ ಸಲ ನಮ್ಮ ಅಂಗಳ ಮೂಡಿತು, ಅಂಗಳದಲ್ಲಿ ಅವ್ವ, ಅವ್ವನ ಕೈಯಲ್ಲಿ ಮೊರ. ಜಾಲಿಗಿಡ ಇರಲಿಲ್ಲ.

ನಿನ್ನೆ ಸಭೆಯ ಹಿರಿಯರೊಬ್ಬರು ಒಂದು ಕಾಳುಗಣ್ಣು ಕೊಡಲು ಮನೆಗೆ ಬಂದರು. ಜೋಳದ ಕಾಳಿನಷ್ಟೇ ಇರುವ ಕ್ಯಾಮೆರಾ ಅದು. ಗಾಳಿಗೆ ಬಿಟ್ಟರೆ ಅರ್ಧ ದಿನದಲ್ಲಿ ಇಡೀ ಬಯಲು ಸುತ್ತಿ ಹಕ್ಕಿ ಎಲ್ಲಿದೆಯೆಂದು ಹೇಳುತ್ತದೆ. "ಹುಡುಕೋದಕ್ಕಷ್ಟೇ ಇಟ್ಕೊಳವ್ವ, ಯಾರ್ ನೋಡ್ತಾರ?" ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಗಾದಿಲಿಂಗಣ್ಣನ ಕಣ್ಣು ಕೂಡ ಒಂದು ಗಳಿಗೆ ಅದರ ಮೇಲೆ ನಿಂತಿತು. ನಾನು ಮಜ್ಜಿಗೆ ಕೊಟ್ಟು, ಕಾಳುಗಣ್ಣನ್ನು ಅವರ ಕೈಗೇ ವಾಪಸು ಇಟ್ಟೆ. ಕರೆಂಟು ಬರಬಾರದು ಎಂದು ವಾದಿಸುವವರೇ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ, ಬಯಲನ್ನು ಮೊದಲು ಮಾರಿದವರು ನಾವೇ ಆಗುತ್ತೇವೆ. ನಡೆದೇ ಹುಡುಕುತ್ತೇವೆ. ಹಕ್ಕಿ ಸಿಗುವವರೆಗೆ ಹುಡುಕುತ್ತೇವೆ.

ಗಂಟು ಸಿದ್ಧವಾಗಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ನೀರಿನ ಚೀಲ, ಕ್ಯಾಮೆರಾ ಕೂರಿಸಲು ಮೂರುಕಾಲಿನ ಬಿದಿರ ಗೂಟ, ಎರೆಧೂಳು ಒರೆಸಲು ಹಳೆ ಧೋತರದ ತುಂಡು, ಮೇಣದಲ್ಲಿ ಬಾಯಿ ಮುಚ್ಚಿದ ತಗಡಿನ ಡಬ್ಬಿಯಲ್ಲಿ ಉಳಿದ ಎರಡು ಪಟ್ಟಿ. ಈ ಸಂಜೆ ನಾಡಿಬಳೆ ಬಿಚ್ಚಿ ಅವ್ವನ ಕೈಯಲ್ಲಿಟ್ಟೆ. ಅವಳು ಅದನ್ನು ಕಿವಿಗೆ ಹಿಡಿದು, ಏನೂ ಕೇಳಿಸದೆ, "ಇದು ಸುಮ್ಮನಾದ್ರ ನೀ ಅದೀ ಅಂತ ನನಗ ಹೆಂಗ ತಿಳೀಬೇಕವ್ವ?" ಎಂದಳು. ಹಿಂದಿನವರು ಹೆಂಗ ತಿಳ್ಕೊಂತಿದ್ರು ಎಂದು ಕೇಳಿದೆ. "ಕಾಯ್ತಿದ್ರು" ಎಂದಳು. ಬಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋಗಿ ರೊಟ್ಟಿಗೆ ಇನ್ನಷ್ಟು ಹಿಟ್ಟು ಕಲಸಿದಳು. ನನಗೆ ಅಳು ಬಂತು, ಹೊರಡುವ ಮನಸ್ಸು ಮಾತ್ರ ಇನ್ನೂ ಗಟ್ಟಿಯಾಯಿತು.

ಅಜ್ಜಿ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ಕಾಲದ ಎರೆಹೊಲದಲ್ಲಿ ಆ ಹಕ್ಕಿ ಕಂಡರೆ ಹತ್ತಿರ ಹೋಗಬೇಡಿ, ಅದರ ಚಿತ್ರವೂ ಬೇಡ. ಕಂಡೆ ಎಂದು ನಿಮ್ಮ ಮಗಳಿಗೆ ಹೇಳಿ, ಸಾಕು. ಇನ್ನೊಂದು, ಕ್ಯಾಮೆರಾವನ್ನು ಅಲ್ಮಾರಿಯಲ್ಲಿಟ್ಟು ಮರೆಯಬೇಡಿ. ಸುಮ್ಮನೆ ಇಟ್ಟ ಸ್ಪ್ರಿಂಗು ಜಡ್ಡುಗಟ್ಟುತ್ತದೆ. ಆಗಾಗ ಹೊರಗೆ ತೆಗೆದು, ಬಿಸಿಲು ತೋರಿಸಿ, ಒಂದು ಸಲ ಖಾಲಿಯಾಗಿಯೇ ಬಟನ್ ಒತ್ತಿ. ಫಿಲ್ಮಿಲ್ಲದ ಡಬ್ಬಿ ಒತ್ತುತ್ತಾಳೆ, ಮುದುಕಿಗೆ ಅರಳುಮರಳು ಎಂದು ಮನೆಯವರು ನಗುತ್ತಾರೆ. ನಗಲಿ, ನೀವು ಒತ್ತಿ. ನಾಳೆ ಆ ಹುಲ್ಲಿನಲ್ಲಿ ಹಕ್ಕಿ ಕತ್ತೆತ್ತಿ ನಿಂತಾಗ, ನನ್ನ ಬೆರಳ ಕೆಳಗೆ ಆ ಸ್ಪ್ರಿಂಗು ಅಲುಗಿದರೆ, ಅದು ನೀವು ಒತ್ತಿದ್ದರಿಂದಲೇ.

ನಿಮ್ಮ ಹಟದ ಹುಡುಗಿ,
ಹೊನ್ನೂರಿ