ಎತ್ತಿನ ಗಂಟೆ ನಮ್ಮ ಬಾಗಿಲಲ್ಲೇ ಇರುತ್ತದೆ

ಚಳ್ಳಕೆರೆ
೨೦೦೪, ಕಾರ್ತಿಕ ಮಾಸ

ಸೋದರಮಾವ ಸಣ್ಣತಿಮ್ಮಪ್ಪನಿಗೆ ನಿನ್ನ ಅಕ್ಕನ ಮಗಳು ಯರ್ರಮ್ಮ ಬರೆಯುವುದು. ಕಾಲಿಗೆ ಬಿದ್ದಿದ್ದೇನೆ ಎಂದು ತಿಳಿದುಕೋ. ಬೀಳುವುದು ಇಷ್ಟಕ್ಕೇ, ಮಿಕ್ಕಿದ್ದನ್ನೆಲ್ಲ ನಿಂತುಕೊಂಡೇ ಹೇಳುತ್ತೇನೆ.

ನೀನು ಕಾಮಣ್ಣನ ಕೈಲಿ ಹೇಳಿ ಕಳಿಸಿದ್ದು ತಲುಪಿತು. ಸಂತೆಗೆ ಕುರಿ ಹೊಡೆದುಕೊಂಡು ಬಂದವನು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ಒಪ್ಪಿಸಿದ. "ಸಂಕ್ರಾಂತಿಗೆ ಮುಂಚೆ ಬೊಮ್ಮಣ್ಣನ್ನ ನನ್ನಿವಾಳಕ್ಕೆ ಕರ್ಕಂಡು ಬರ್ಬೇಕಂತೆ. ದೇವರ ಕಟ್ಟೆ ಮೇಲೆ ಕೂರಿಸ್ತಾರಂತೆ. ಎತ್ತಿನ ಗಂಟೇನೂ ತರ್ಬೇಕಂತೆ. ಇಲ್ಲಾಂದ್ರೆ ನಿಮ್ಮನ್ನ ಕುಲದಿಂದ ಹೊರಗಿಡ್ತಾರಂತೆ." ಒಂದು ಲೋಟ ನೀರು ಕೊಟ್ಟರೂ ಕುಡಿಯಲಿಲ್ಲ, ಪಾಪ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಬರುವುದಿಲ್ಲ. ಗಂಟೆಯೂ ಬರುವುದಿಲ್ಲ. ಯಾಕೆ ಎಂದು ತಿಳಿಯಬೇಕಿದ್ದರೆ ಕನ್ನಡಕ ಹುಡುಕಿಕೊಂಡು ಮುಂದೆ ಓದು.

ನಮ್ಮಪ್ಪ ದೇವರ ಎತ್ತುಗಳನ್ನು ಕಾಯುವ ಕಿಲಾರಿಯಾಗಿದ್ದ ಕಾಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕಾಲಿಗೆ ಚಪ್ಪಲಿ ಇಲ್ಲ, ಕೋಳಿ ಮುಟ್ಟುವ ಹಾಗಿಲ್ಲ, ಕಂಡವರ ಮನೆಯಲ್ಲಿ ಉಣ್ಣುವ ಹಾಗಿಲ್ಲ. ಉಳ್ಳಾರ್ತಿ ಕಾವಲಿನಲ್ಲಿ ಹುಲ್ಲು ಎದ್ದಾಗ ಎತ್ತುಗಳ ಹಿಂದೆ ಹೋದವನು ಹಟ್ಟಿಗೆ ಬರುವುದನ್ನೇ ಮರೆಯುತ್ತಿದ್ದ. ಆಗ ಅದನ್ನು ಯಾರೂ ಮರೆವು ಎನ್ನಲಿಲ್ಲ, ಭಕ್ತಿ ಎಂದರು. ನೀನು ಅವನ ಹಿಂದೆಯೇ ದನ ಕಾಯಲು ಕಲಿತವನು. ನಿನ್ನ ಅಂಗಾಲಿಗೆ ಜಾಲಿ ಮುಳ್ಳು ನೆಟ್ಟು ಕೀವಾದಾಗ ಮುಳ್ಳು ಕಿತ್ತು, ಕಾವಲಿನಿಂದ ಊರ ತನಕ ನಿನ್ನನ್ನು ಹೆಗಲ ಮೇಲೆ ಹೊತ್ತು ತಂದವನು ಅವನೇ ಎಂದು ನೀನೇ ನಮಗೆ ಎಷ್ಟೋ ಸಲ ಹೇಳಿದ್ದೀಯ. ಹೇಳುವಾಗ ಆ ಅಂಗಾಲನ್ನು ಎತ್ತಿ ತೋರಿಸುತ್ತಿದ್ದೆ. ಆ ಮಾವ ಎಲ್ಲಿಗೆ ಹೋದ ಎನ್ನುವುದೇ ನನ್ನ ಸಂಕಟ.

ಅಪ್ಪನಿಗೆ ಮರೆವು ಹತ್ತಿದಾಗ ಅವನು ಸತ್ತುಹೋದ ಎತ್ತುಗಳನ್ನು ಹೆಸರಿಟ್ಟು ಕರೆಯುತ್ತಿದ್ದ. ದನ ಕೂಡುವ ಖಾಲಿ ರೊಪ್ಪದ ಮುಂದೆ ನಿಂತು ನೀರು ಕುಡಿಸುವವನಂತೆ ನಾಲಗೆ ಲೊಟಗುಟ್ಟುತ್ತಿದ್ದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹುಚ್ಚು ಎನ್ನುತ್ತಿದ್ದರು. ಕಿಲಾರಿ ಮಾಡಿದ್ದರಿಂದ ಮೈಮೇಲೆ ದೇವರು ಬಂದಿದೆ ಎಂದರು. ಅದೇ ಹೊತ್ತಿಗೆ ಪಾತಮ್ಮನ ಕುರಿ ಕಳೆದಿತ್ತು. ಅವಳು ಬಂದು ಕೇಳಿದಳು, ಅಪ್ಪ "ಹುಣಸೆಮರದ ತಾವ ಐತೆ, ಹೋಗು" ಎಂದ, ಕುರಿ ಅಲ್ಲೇ ಸಿಕ್ಕಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಬಿಸಿಲಿಗೆ ಕುರಿ ಹುಣಸೆಮರದ ಕೆಳಗಲ್ಲದೆ ಇನ್ನೆಲ್ಲಿ ನಿಲ್ಲುತ್ತದೆ ಮಾವ?

ಮಾರನೆಯ ವಾರವೇ ನೀನು ಕಟ್ಟೆಯ ಮೇಲೆ ಕಂಬಳಿ ಹಾಸಿದೆ. ಅಪ್ಪನ ಹಣೆಗೆ ಭಂಡಾರ ಬಳಿದು ಕೂರಿಸಿದೆ. ಹಟ್ಟಿ ಹಟ್ಟಿಗಳಿಂದ ಜನ ಬಂದು ಅವನ ಮುಂದೆ ಕೈ ಮುಗಿದು ಕೇಳಿದ್ದೇ ಕೇಳಿದ್ದು. ಮಳೆ ಯಾವಾಗ, ಮಗು ಯಾವಾಗ, ಕೊಳವೆಬಾವಿ ಎಲ್ಲಿ ಕೊರೆಸಲಿ. ತಾನು ಬೆಳಿಗ್ಗೆ ಉಂಡನೋ ಇಲ್ಲವೋ ತಿಳಿಯದ ಮನುಷ್ಯನಿಗೆ ಊರಿನ ಭವಿಷ್ಯ ಕೇಳಿದಿರಿ. ಅವನು ಹೆದರಿ ಅವ್ವನ ಸೆರಗು ಹುಡುಕುತ್ತಿದ್ದ. ಅದಕ್ಕೂ ನೀನು ಅರ್ಥ ಹೇಳುತ್ತಿದ್ದೆ.

ಬೋರಕ್ಕನ ವಿಷಯ ನೆನಪಿದೆಯಾ? ಕೊಂಡ್ಲಹಳ್ಳಿಯ ಗಂಡಿಗೆ ಅವಳನ್ನು ಕೊಡಬಹುದಾ ಎಂದು ಅವಳ ಅಪ್ಪ ಬಂದು ಕೂತ. ನಮ್ಮಪ್ಪ ಬಹಳ ಹೊತ್ತು ಯೋಚನೆ ಮಾಡಿ, "ಆ ಕಡಸು ಅಲ್ಲಿಗೆ ಕೊಡಬ್ಯಾಡ, ಆ ಕಡೆ ನೀರಿಲ್ಲ, ಒಣಗಿ ಸಾಯ್ತದೆ" ಎಂದ. ಕಡಸು ಎಂದರೆ ಕಡಸೇ. ಯಾವ ಕಾಲದಲ್ಲೋ ಯಾರಿಗೋ ಕೊಡಲೊಲ್ಲದೆ ಉಳಿಸಿಕೊಂಡ ಕಡಸಿನ ಮಾತು ಅದು. ಅವ್ವ ಪಕ್ಕದಲ್ಲೇ ಇದ್ದಳು, "ಅದು ದನದ ಮಾತು ಕಣಪ್ಪೋ" ಎಂದು ಬಾಯಿಬಿಟ್ಟು ಹೇಳಿದಳು. ನೀನು ಅವಳನ್ನು ಸುಮ್ಮನಿರಿಸಿದೆ. ಸಂಬಂಧ ಮುರಿದುಬಿತ್ತು. ಬೋರಕ್ಕ ಆ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು ಎನ್ನುವುದು ಇಡೀ ಹಟ್ಟಿಗೆ ಗೊತ್ತಿತ್ತು.

ಆಮೇಲೆ ಒಂದು ದಿನ ಅಪ್ಪ ಕಂಬಳಿಯ ಮೇಲೆ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ಅಷ್ಟೇ, ದೇವರು ಎದ್ದುಹೋಯಿತು. ಮೈಲಿಗೆಯಾಯಿತು ಎಂದಿರಿ. ಬೆಳಿಗ್ಗೆ ಕಾಲಿಗೆ ಬಿದ್ದವರೇ ಸಂಜೆ ಮೂಗು ಮುಚ್ಚಿಕೊಂಡರು. ನೀನು ಅವನನ್ನು ಹುಲ್ಲು ತುಂಬುವ ಕೋಣೆಗೆ ಕೂಡಿ, ಎತ್ತು ಕಟ್ಟುವ ಹಗ್ಗದಿಂದ ಕಾಲು ಕಟ್ಟಿದೆ. "ಎಲ್ಲಾದ್ರೂ ಹೋಗಿ ಬಿದ್ದಾನು, ಅವನ ಒಳ್ಳೇದಕ್ಕೇ" ಎಂದೆ. ನಾನು ಸುದ್ದಿ ಕೇಳಿ ಚಳ್ಳಕೆರೆಯಿಂದ ಓಡಿಬಂದಾಗ ಅವ್ವ ಆ ಕೋಣೆಯ ಹೊಸಿಲ ಮೇಲೆ ಕೂತಿದ್ದಳು, ಕಣ್ಣು ಗುಳಿ ಬಿದ್ದಿತ್ತು. ಹಗ್ಗ ಬಿಚ್ಚಿ ಇಬ್ಬರನ್ನೂ ನನ್ನ ಮನೆಗೆ ಕರೆತಂದವಳು ನಾನೇ. ರೊಪ್ಪದ ಗೂಟದಲ್ಲಿದ್ದ, ದೇವರ ಹಿಂಡಿನ ಹಿರಿಯೆತ್ತಿನ ಗಂಟೆಯನ್ನು ಸೀರೆಯಲ್ಲಿ ಸುತ್ತಿ ತಂದವಳೂ ನಾನೇ. ಕಳ್ಳಿ ಎಂದು ಕರೆಯುವುದಾದರೆ ಧಾರಾಳವಾಗಿ ಕರೆ.

ಈಗ ನೀನು ಮೂಗು ಮುರಿಯುವ ವಿಷಯಕ್ಕೆ ಬರುತ್ತೇನೆ. ಸಂತೆಯ ದಿನ ನಾವು ಅಪ್ಪನನ್ನು ಕರೆದುಕೊಂಡು "ಸಾಬರ ಗ್ಯಾರೇಜಿಗೆ" ಹೋಗುತ್ತೇವೆ ಎಂದು ಕೇಳಿದ್ದೀಯ. ನಿಜ, ಹೋಗುತ್ತೇವೆ. ಆ ಗ್ಯಾರೇಜು ಜಿಲಾನ್ ಬಾಷಾ ಅವರದು. ಲಾರಿ ಇಂಜಿನ್ನಿನಲ್ಲಿ ಈ ಊರಿಗೇ ದೊಡ್ಡ ಕೈ. ಅವರಿಗೂ ಅಪ್ಪನ ಕಾಯಿಲೆಯೇ. ಅವರ ಮಗಳು ಬುಶ್ರಾ ನರ್ಸು, ಬೆಂಗಳೂರಿನಲ್ಲಿ ಇದಕ್ಕೆಂದೇ ತರಬೇತಿ ತೆಗೆದುಕೊಂಡು ಬಂದು, ಮರೆವಿನ ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಗ್ಯಾರೇಜಿನ ಹಿಂದಿನ ಚಪ್ಪರದಲ್ಲಿ ಕೂಡಿಸುತ್ತಾಳೆ. ಆಗಾಗ ಒಬ್ಬ ಡಾಕ್ಟರೂ ಬರುತ್ತಾರೆ. ಅವರು ಅಪ್ಪನನ್ನು ನೋಡಿ ಡಿಮೆನ್ಷಿಯಾ ಎಂದರು. ಮಿದುಳು ಸವೆಯುವ ಕಾಯಿಲೆ, ವಾಸಿಯಾಗುವುದಿಲ್ಲ ಎಂದೂ ನೇರವಾಗಿ ಹೇಳಿದರು. ನಾನು ಅತ್ತುಬಿಟ್ಟೆ. ಆದರೆ ಅದು ಶಾಪವಲ್ಲ, ವರವೂ ಅಲ್ಲ, ಕಾಯಿಲೆ ಎಂದು ಗೊತ್ತಾದಾಗ ಎದೆಯ ಮೇಲಿನ ಕಲ್ಲು ಇಳಿಯಿತು.

ಮೊದಲ ದಿನ ಜಿಲಾನ್ ಬಾಷಾ ಅವರ ಹೆಂಡತಿ ಕುಲ್ಸುಮ್ ಬೀ ಅವ್ವನ ಪಕ್ಕ ಕೂತು ತಮ್ಮ ಕಥೆ ಹೇಳಿದರು. "ನಮ್ಮ ಯಜಮಾನ್ರು ಕೈಗೆ ಸಿಕ್ಕಿದ್ದೆಲ್ಲಾ ಬಿಚ್ತಾರೆ ಕೆಂಚಕ್ಕಾ. ಮಿಕ್ಸಿ ಬಿಚ್ಚಿದ್ರು, ಹೊಲಿಗೆ ಮಿಷನ್ ಬಿಚ್ಚಿದ್ರು. ಕೇಳಿದ್ರೆ, ಪಾರ್ಟಿ ಸಾಯಂಕಾಲ ಬಂದು ತಗೊಂಡು ಹೋಗ್ತಾರೆ ಅಂತಾರೆ." ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆಮೇಲೆ ಬುಶ್ರಾ ಬಂದು, "ನೀವು ಊಟ ಮಾಡಿದ್ರಾ ಅಮ್ಮಾ? ನಿದ್ದೆ ಮಾಡ್ತೀರಾ?" ಎಂದಳು. ಕಟ್ಟೆಗೆ ಬಂದ ಅಷ್ಟು ಜನರಲ್ಲಿ ಒಬ್ಬರೂ ಅವ್ವನಿಗೆ ಈ ಮಾತು ಕೇಳಿರಲಿಲ್ಲ. ನಾನೂ ಸೇರಿದಂತೆ ಎಲ್ಲರಿಗೂ ಅಪ್ಪನದೇ ಚಿಂತೆ. ಅವತ್ತು ಮಿಕ್ಕವರೆಲ್ಲ ಅಪ್ಪನನ್ನು ನೋಡಿಕೊಂಡರು. ಅವ್ವ ಕುಲ್ಸುಮ್ ಬೀಯ ಮಂಚದ ಮೇಲೆ ಸಂತೆ ಮುಗಿಯುವ ತನಕ ಸತ್ತವಳಂತೆ ಮಲಗಿದಳು. ಹೌದು ಮಾವ, ಕಿಲಾರಿಯ ಹೆಂಡತಿ ಸಾಬರ ಮಂಚದ ಮೇಲೆ ಮಲಗಿದಳು. ಬರೆದುಕೊಂಡು ಕುಲದ ಮುಂದೆ ಓದು.

ನಿನ್ನ ನೇಮದ ಚಿಂತೆಗೂ ಉತ್ತರವಿದೆ. ನಾವು ಕೋಳಿ ಮುಟ್ಟದವರು ಎಂದು ತಿಳಿದ ದಿನದಿಂದ ಸಂತೆಯ ದಿನ ಆ ಮನೆಯಲ್ಲಿ ಕೋಳಿ ಬೇಯುವುದಿಲ್ಲ. ಅಪ್ಪನ ಲೋಟ ಬೇರೆ ಇದೆ, ಮುದ್ದೆ ನಾನೇ ಕಟ್ಟಿಕೊಂಡು ಹೋಗುತ್ತೇನೆ. ಅಪ್ಪ ಮರೆತ ನೇಮವನ್ನು ಅವರು ನೆನಪಿಟ್ಟುಕೊಂಡಿದ್ದಾರೆ. ನೇಮ ನೆನಪಿದ್ದ ನೀವು ಅಪ್ಪನನ್ನು ಮರೆತಿರಿ.

ಅಲ್ಲಿ ಕಲಿಸಿದ ಮೊದಲ ಪಾಠ ಏನು ಗೊತ್ತಾ? ಅವರನ್ನು ಏನೂ ಕೇಳಬಾರದು. "ನಾನ್ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬಾರದು. ಉತ್ತರ ಹೊಳೆಯದಿದ್ದರೆ ಅವರಿಗೆ ಭಯವಾಗುತ್ತದೆ. ನಾವೇ ಹೋಗಿ, ಇಂಥವರು ಬಂದಿದ್ದೇನೆ ಎಂದು ಹೆಸರು ಹೇಳಿ ಪಕ್ಕದಲ್ಲಿ ಕೂರಬೇಕು. ನಾನು ದಿನಾ ಬೆಳಿಗ್ಗೆ, "ಅಪ್ಪಾ, ನಾನು ಯರ್ರಿ, ನಿನ್ನ ಮಗಳು" ಎನ್ನುತ್ತೇನೆ. ಕೆಲವು ದಿನ "ಹೂಂ, ಗೊತ್ತೈತೆ ಬಿಡು" ಎಂದು ಗದರುತ್ತಾನೆ. ಕೆಲವು ದಿನ "ಒಳ್ಳೇ ಹುಡುಗಿ, ಯಾರ ಮಗಳವ್ವಾ?" ಎಂದು ತಲೆ ಸವರುತ್ತಾನೆ. ಅಂಥ ದಿನ ಅಳು ಬರುತ್ತದೆ. ಆದರೂ ಸವರಿದ ಕೈ ಅವನದೇ.

ಗಂಟೆಯ ವಿಷಯ. ಅದನ್ನು ನಮ್ಮ ಬಾಗಿಲಿಗೆ ಕಟ್ಟಿಸಿದ್ದೇನೆ. ಜಿಲಾನ್ ಬಾಷಾ ಅವರೇ ಕಟ್ಟಿದರು, ಮತ್ತೆ ಬಿಚ್ಚಿದರು, ಬುಶ್ರಾ ಪಾನಾ ಬಚ್ಚಿಟ್ಟ ಮೇಲೆ ಉಳಿದುಕೊಂಡಿತು. ಅಪ್ಪ ಹೊರಗೆ ಹೊರಟರೆ ಗಂಟೆ ಬಡಿಯುತ್ತದೆ, ನಮ್ಮಲ್ಲಿ ಯಾರಾದರೂ ಎದ್ದು ಅವನ ಜೊತೆ ನಡೆಯುತ್ತೇವೆ. ಬಸ್‌ಸ್ಟ್ಯಾಂಡಿನ ತನಕ ಹೋಗಿ ಹುಲ್ಲು ನೋಡಿಕೊಂಡು ಬರುತ್ತೇವೆ. ಹುಲ್ಲು ಇರುವುದಿಲ್ಲ, ಆದರೂ ನೋಡುತ್ತೇವೆ. ಹಗ್ಗ ಮಾಡುತ್ತಿದ್ದ ಕೆಲಸವನ್ನು ಗಂಟೆ ಮಾಡುತ್ತಿದೆ, ಕಾಲಿಗೆ ಗಾಯವಾಗದ ಹಾಗೆ. ದೇವರ ಎತ್ತಿನ ಗಂಟೆ ದಾರಿ ತಪ್ಪಿದವರನ್ನು ಮನೆಗೆ ತರಲಿಕ್ಕಲ್ಲದೆ ಮತ್ತೇನಕ್ಕಿದೆ?

ಅಪ್ಪ ಈಗ ಶುಚಿಯಾಗಿದ್ದಾನೆ, ನಗುತ್ತಾನೆ ಎಂದು ಯಾರೋ ನಿನಗೆ ಹೇಳಿರಬೇಕು. ದೇವರು ಮರಳಿ ಬಂತು ಎಂದುಕೊಂಡು ಕಟ್ಟೆ ತೊಳೆಸಿದ್ದೀಯ. ಮರಳಿದ್ದು ದೇವರಲ್ಲ ಮಾವ, ಅವ್ವನ ನಿದ್ದೆ. ಅವಳು ಮಲಗಿ ಎದ್ದರೆ ಅವನನ್ನು ಸಿಟ್ಟಿಲ್ಲದೆ ಮೀಯಿಸುತ್ತಾಳೆ. ಅವಳಿಗೆ ಸಿಟ್ಟಿಲ್ಲದಿದ್ದರೆ ಅವನು ನಗುತ್ತಾನೆ. ಆ ನಗುವನ್ನು ಮತ್ತೆ ಕಂಬಳಿಯ ಮೇಲೆ ಕೂರಿಸಲು ನಾನು ಬಿಡುವುದಿಲ್ಲ. ಕುಲದಿಂದ ಹೊರಗಿಡುವುದಾದರೆ ಇಡು. ನಮ್ಮ ಚಪ್ಪರದಲ್ಲಿ ಜಾಗ ಇದೆ.

ಆದರೆ ಒಂದು ಮಾತು. ಅಪ್ಪ ಇವತ್ತಿಗೂ ಒಮ್ಮೊಮ್ಮೆ ಮುಳ್ಳು ಹುಡುಕುತ್ತಾನೆ. ಯಾರದೋ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡವನಂತೆ ಬಗ್ಗಿ ಕೂತು, "ಅಳಬ್ಯಾಡ ಕಣ್ಲೇ ಸಣ್ಣಾ, ಬಂತು, ಬಂತು" ಎನ್ನುತ್ತಾನೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಅವನ ಮನಸ್ಸಿನಲ್ಲಿ ನೀನಿನ್ನೂ ಅವನ ಹೆಗಲ ಮೇಲೇ ಇದ್ದೀಯ.

ಬರುವುದಾದರೆ ಸಂತೆಯ ದಿನ ಬಾ. ಭಂಡಾರ ತರಬೇಡ, ಹಗ್ಗ ತರಬೇಡ, ಊರವರ ಪ್ರಶ್ನೆಯನ್ನೂ ತರಬೇಡ. ಬಾಗಿಲು ನೂಕಿದರೆ ಗಂಟೆ ಬಡಿಯುತ್ತದೆ, ಅಪ್ಪ ತಲೆ ಎತ್ತಿ ನೋಡುತ್ತಾನೆ. ಆಗ ಏನೂ ಕೇಳದೆ, "ಭಾವಾ, ನಾನು ಸಣ್ಣತಿಮ್ಮ ಬಂದೀನಿ" ಎಂದು ಹೇಳಿ, ಅವನ ಮುಂದೆ ಕೂತು ಕಾಲು ಚಾಚು.

ನಿನ್ನ ಕಾಲಿಗೆ ಮುಳ್ಳು ನೆಡದಿರಲಿ, ನಿನ್ನ ನೆನಪು ಗಟ್ಟಿಯಾಗಿರಲಿ ಎಂದು ಹರಸುವ,
ಬೊಮ್ಮಣ್ಣ ಕೆಂಚಕ್ಕರ ಮಗಳು
ಯರ್ರಮ್ಮ