ಮಾಳಿಗೆಯ ಮೇಲೆ ತಂಪಿನ ಕಾವು

ಕುರುಗೋಡು,
11 ಮೇ 2025

ನನ್ನ ಮುದ್ದು ದಾಕ್ಷಾಯಣಿಗೆ, ಅವ್ವ ದೂರದಿಂದಲೇ ಲಟಿಕೆ ಮುರಿದು ಬರೆಯುವುದು.

ಕಾಲಿನ ಬಾವು ಇಳಿಯಿತೇ? ಕೂಸು ಒದೆಯುತ್ತಿದೆಯೇ? ಬಳ್ಳಾರಿಯ ಮನೆಯಲ್ಲಿ ಎ.ಸಿ. ಇದೆ ಎಂದು ಎಳನೀರು ಬಿಡಬೇಡ. ಫೋನಿನಲ್ಲಾದರೆ ನಾನು ಬೈಯುತ್ತೇನೆ, ನೀನು ಅಳುತ್ತೀ. ಅದಕ್ಕೇ ಈ ಕಾಗದ. "ಇಂಥಾ ಬಿಸಲಾಗ ತುಂಬಿದ ಬಸರಿನ್ನ ಕುರುಗೋಡಿಗೆ ಕಳಸಂಗಿಲ್ರಿ" ಎಂದು ನಿನ್ನ ಅತ್ತೆ ನೀಲಾವತಿಯವರು ಅಂದದ್ದು ನನಗೆ ಇನ್ನೂ ಉರಿಯುತ್ತಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಊರವರು ಏನಂದಾರು? ಬಾಣಂತಿ ಕೋಣೆಗೆ ಸುಣ್ಣ ಬಳಿದದ್ದೂ ಆಗಿದೆ.

ಉಳಿದದ್ದು ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಸೋರದಂತೆ ಸವಳು ಮಣ್ಣು ಹಾಕಬೇಕಲ್ಲ, ಹೋದ ವಾರ ನಿಮ್ಮಪ್ಪ ಬುಟ್ಟಿ ಹೊತ್ತು ಏರಿದರು. ಸಂಡಿಗೆ ಒಣಹಾಕಲು ನಾನೂ ಹಿಂದೆಯೇ ಹೋದೆ. ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ನಮ್ಮ ತಲೆಯ ಮೇಲೇ ಎರಗಿತು! ನೋಡಿದರೆ ಮಣ್ಣಿನ ಬಣ್ಣದ್ದೇ ನಾಲ್ಕು ಮೊಟ್ಟೆ, ಗೂಡಿಲ್ಲ, ಕಡ್ಡಿಯಿಲ್ಲ. "ಹಕ್ಕಿ ಸಲುವಾಗಿ ಮಾಳಿಗಿ ಬಿಟ್ರ, ನಾಳೆ ಬಾಣಂತಿ ಮ್ಯಾಲೆ ಸೋರತೈತಿ ನೋಡು" ಅಂದರು ನಿಮ್ಮಪ್ಪ. ನಾನು ಬುಟ್ಟಿ ಕಸಿದುಕೊಂಡು ಕೆಳಗಿಳಿಸಿದೆ.

ಮಟಮಟ ಮಧ್ಯಾಹ್ನ ಏಣಿಯ ಮೇಲೆ ನಿಂತು ಇಣುಕಿದೆ. ಬರಿಗಾಲು ಇಟ್ಟರೆ ಬೊಬ್ಬೆ ಏಳುವ ಬಿಸಿಲು. ಹಕ್ಕಿ ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತ, ತನ್ನ ಮೈಯನ್ನೇ ಮೊಟ್ಟೆಗಳಿಗೆ ನೆರಳು ಮಾಡಿ ನಿಂತಿತ್ತು. ಅದರ ಜೋಡಿ ಹಕ್ಕಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ನೀರಿಗೆ ಇಳಿಯಿತು. ಕುಡಿಯಲಿಕ್ಕೆ ಅಂದುಕೊಂಡೆ. ಅಲ್ಲ ದಾಕ್ಷಿ, ಹೊಟ್ಟೆ ಅದ್ದಿ ಅದ್ದಿ, ಗರಿಗಳನ್ನೆಲ್ಲ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತಿತು! ಆಮೇಲೆ ನೆರಳಾಗಿ ನಿಂತಿದ್ದ ಹಕ್ಕಿ ಹೋಯಿತು, ಹೀಗೇ ನೆನೆದು ಬಂತು. ಕಾವು ಎಂದರೆ ಬಿಸಿ ಎಂದುಕೊಂಡೇ ಇಷ್ಟು ವರ್ಷ ಕೋಳಿ ಕೂರಿಸಿದವಳು ನಾನು. ಇದು ತಂಪಿನ ಕಾವು! ಆ ಗರಿಗೆ ನೀರು ಹಿಡಿಯುವ ಗುಣ ಎಲ್ಲಿಂದ ಬಂತು? ಮೊಟ್ಟೆ ಬೆಂದೀತೆಂದು ಆ ಪುಟ್ಟ ಜೀವಕ್ಕೆ ಹೇಗೆ ತಿಳಿಯಿತು? ಮೈ ಜುಮ್ಮೆಂದಿತು, ಕೈ ತಾನಾಗಿ ಮುಗಿಯಿತು. ಗೊಣಗಿದ ನಿಮ್ಮಪ್ಪನೇ ಈಗ ದಿನಾ ಅಗಲ ತಟ್ಟೆಯಲ್ಲಿ ನೀರಿಡುತ್ತಾರೆ.

ಅಳಿಯಂದಿರಿಗೆ, ಬೀಗರಿಗೆ ಶರಣು ಹೇಳು. ಶಿವ ನಿನ್ನ ಹೊಟ್ಟೆ ತಣ್ಣಗಿಡಲಿ.

ನಿನ್ನ ಅವ್ವ,
ಚನ್ನವೀರಮ್ಮ

ಮರೆತಿದ್ದೆ: ಈ ಬಿಸಿಲಲ್ಲಿ ಬರಬೇಡ, ನೀನು ಅಲ್ಲೇ ತಂಪಾಗಿರು. ಬಾಣಂತನ ಮಾಡಲು ನಾನೇ ಬರುತ್ತೇನೆ. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಉಂಡಳು ಎಂದು ನಗುವವರು ನಗಲಿ. ನೀಲಾವತಿಯವರಿಗೆ ಹೇಳು, ನಿನ್ನ ಮಂಚದ ಪಕ್ಕ ನನಗೊಂದು ಚಾಪೆ ಸಾಕು.