ಎಂಟನೆಯ ಕುಳಿ

೩ನೇ ತಾರೀಕು, ಸೋಮವಾರ. ಬೆಳಿಗ್ಗೆ ಏಳು

ಇವತ್ತು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೀಪ ಹಚ್ಚಿಯಾಯಿತು. ಬಟ್ಟೆ ನೆನೆಸಿಟ್ಟಿದ್ದೇನೆ. ಹತ್ತಕ್ಕೆ ನಾದಿನಿ ಜೊತೆ ಕ್ವಾರಿಗೆ ಹೋಗಬೇಕು. ನಮ್ಮ ಯಜಮಾನರು ತೀರಿಕೊಂಡ ವರ್ಷವೇ ಅದನ್ನು ಮುಚ್ಚಿದ್ದು. ಈಗ ಶಿಲ್ಪಗಳ ಪಾರ್ಕು ಮಾಡಿದ್ದಾರೆ, ನಾದಿನಿಗೆ ಅಲ್ಲೇ ಗೇಟಿನ ಕೆಲಸ. ಹನ್ನೊಂದು ವರ್ಷ ಆ ಕಡೆ ತಲೆ ಹಾಕಿ ಮಲಗಿಲ್ಲ ನಾನು. ಅಲ್ಲಿನ ಶಿಲ್ಪಿ ಮೇಡಂ ಏನೋ ಕೇಳಬೇಕಂತೆ. ನನ್ನನ್ನೇನು ಕೇಳುವುದು?

ಸಂಜೆ

ತಲೆಬುಡ ತಿಳಿಯಲಿಲ್ಲ. ಒಂದು ಬಂಡೆಗೆ ನಡುವೆ ತೂತು, ಇನ್ನೊಂದಕ್ಕೆ ಬರೀ ಕಾಲು. ದೇವರೋ, ಮನುಷ್ಯರೋ... ಯಾವುದಕ್ಕೂ ಇರಲಿ ಎಂದು ಚಪ್ಪಲಿ ಬಿಟ್ಟೆ. ಪಾದ ಚುರ್ ಎಂದಿತು.

"ಅತ್ತಿಗೆ, ಇದು ಗುಡಿ ಅಲ್ಲ, ಮೆಟ್ಕೊಳ್ಳಿ. ಆ ಕಾಲಿಗೂ ಕೈ ಮುಗಿದ್ರಾ?"

"ನಿನ್ನ ಗಂಟೇನು ಹೋಯ್ತು? ಸುಮ್ನಿರೇ."

ಕೊನೆಗೆ ಒಂದು ದೊಡ್ಡ ಬಂಡೆ. ಬೆಣೆ ಹೊಡೆದು ಸೀಳಲು ತೋಡಿದ ಕುಳಿಗಳು, ಸಾಲಾಗಿ. ಏಳು ಪೂರ್ತಿ. ಎಂಟನೆಯದು ಅರ್ಧ. ನಮ್ಮ ಯಜಮಾನರ ಕೈಕೆಲಸ — ಹೇಳಬೇಕಾಗಿರಲಿಲ್ಲ. ಬೆರಳಿಟ್ಟೆ. ಎರಡು ಗೆಣ್ಣು ಇಳಿಯಿತು.

"ಅಮ್ಮಾ, ಇದೊಂದು ಮುಗಿಸಿ ಸೀಳಿದ್ರೆ ನಡುವೆ ಜನ ಓಡಾಡೋ ದಾರಿ ಆಗುತ್ತೆ. ಬೇಡ ಅಂದ್ರೆ ಹೀಗೇ ಬಿಡ್ತೀನಿ. ನೀವು ಹೇಳಿದ ಹಾಗೆ," ಎಂದಳು ಶಿಲ್ಪಿ.

ಕುಳಿಯಿಂದ ಬೆರಳು ತೆಗೆದು ಚಪ್ಪಲಿ ಮೆಟ್ಟಿಕೊಂಡೆ. ಮುಂದಿನ ಸೋಮವಾರದೊಳಗೆ ಎರಡು ಸಾಲು ಬರೆದು ಕಳಿಸಿ ಎಂದಳು.

೪, ಮಂಗಳವಾರ

ಸೀಳಿದರೆ ಅವರು ಬಿಟ್ಟ ಹಾಗೆ ಇರುವುದಿಲ್ಲ. ಬಿಟ್ಟರೆ ಕೆಲಸ ಅರ್ಧ. 'ಹಾಗೇ ಇರಲಿ' ಎಂದು ಬರೆದೆ. ಹರಿದೆ.

ನಾದಿನಿ ಬಂದಿದ್ದಳು. "ನಮ್ಮಣ್ಣ ಸಾಲು ಮುಗಿಸ್ದೆ ಎದ್ದೋನೇ ಅಲ್ಲ. ಅವತ್ತು ಯಾಕೆ ಎದ್ನೋ!"

ನನಗೆ ಗೊತ್ತು. ಹೇಳಲಿಲ್ಲ.

೯, ಭಾನುವಾರ

ಇಲ್ಲಾದರೂ ಬರೆಯುತ್ತೇನೆ. ಅವತ್ತೂ ಉಪವಾಸ. ಅವರು ಉಣ್ಣದೆ ನಾನು ಉಪವಾಸ ಬಿಡುತ್ತಿರಲಿಲ್ಲ. ಹಸಿವು ತಡೆಯದೆ ಹೇಳಿ ಕಳಿಸಿದೆ — ಈಗಲೇ ಬನ್ನಿ ಎಂದು. ಎಂಟನೆಯದನ್ನು ಬಿಟ್ಟು ಬಂದರು. ಉಂಡು ಮರಳುವಾಗ, ಕ್ವಾರಿಗೆ ಇಳಿಯುವಲ್ಲಿ, ಮೇಲಿನ ಕಲ್ಲು ಜಾರಿ ಅವರ ಮೇಲೆ...

ನನ್ನ ತಪ್ಪೋ, ಹಣೆಬರಹವೋ? ದೇವರನ್ನು ಕೇಳಿ ಕೇಳಿ ಸಾಕಾಯಿತು.

೧೦, ಸೋಮವಾರ

ಉಪವಾಸ ಮಾಡಲಿಲ್ಲ. ಯಾಕೋ ತಿಳಿಯದು. ತಿಂದು ಕೈ ತೊಳೆದು ಬರೆದೆ: 'ಮುಗಿಸಿ. ಒಂದೇ ಪಟ್ಟಿಗೆ ಮುಗಿಸಿ. ಊಟ ನಾನೇ ಅಲ್ಲಿಗೆ ತರುತ್ತೇನೆ. ನಡುವೆ ಯಾರೂ ಏಳಬೇಡಿ.'

ಸರಿಯೋ, ತಪ್ಪೋ... ನಾದಿನಿಗೆ ಫೋನ್ ಮಾಡಿದೆ. "ಬೇಗ ಬಂದು ಈ ಕಾಗದ ತಗೊಂಡು ಹೋಗೇ. ನಾನು ಮತ್ತೆ ಹರಿಯೋಕೆ ಮುಂಚೆ —"